ಶೇವಂತೆವ್ವನ ಗಿಟಾರು

ಸೋಮವಾರದ ಭಜನೆಗೆ ಶೇವಂತೆವ್ವ ಗಿಟಾರು ಎತ್ತಿಕೊಂಡು ಗರಗದ ಬಸವಣ್ಣನ ಗುಡಿಯ ಕಟ್ಟೆ ಹತ್ತಿದಾಗ, ತಾಳ ಹಿಡಿದು ಕುಳಿತಿದ್ದ ಗಂಡಸರು ಯಾರೂ ಸರಿದು ಜಾಗ ಕೊಡಲಿಲ್ಲ. ಅವಳೇ ಕಂಬದ ಬುಡದಲ್ಲಿ ಸೆರಗು ಸಿಗಿಸಿಕೊಂಡು ಕುಳಿತಳು.

"ಇದೇನ ತಂಗಿ, ಹೆಣ್ಣಿನಂಗ ನಡಾ ಇರೂ ತಂಬೂರಿ?" ಎಂದ ಭಜನೆಯ ಹಿರಿಯ ಗಂಗಪ್ಪ. ಎಲ್ಲರೂ ನಕ್ಕರು.

"ಗಿಟಾರರಿ, ಕಾಕಾ. ಇವತ್ತ ಪದಾ ಎತ್ತಾಕಿ ನಾನು."

ಆ ಊರ ಭಜನೆಯಲ್ಲಿ ತಂತಿ ಮೀಟುವವರೇ ಪದ ಎತ್ತಬೇಕು, ಉಳಿದವರು ಹಿಂದೆ ಹೇಳಬೇಕು. ತಂತಿಯೆಂದರೆ ಏಕತಾರಿ, ಏಕತಾರಿಯನ್ನು ಹೆಣ್ಣು ಮುಟ್ಟುವಂತಿಲ್ಲ. ಅವ್ವನಿಂದ ಕಲಿತ ಪದಗಳು ಹೊಟ್ಟೆಯ ತುಂಬ ಇದ್ದರೂ ಶೇವಂತೆವ್ವ ಇಷ್ಟು ವರ್ಷ ಹಿಂದೆ ಹೇಳುತ್ತಲೇ ಬಂದಿದ್ದಳು. ಹೋದ ಸುಗ್ಗಿಯಲ್ಲಿ, ಹುಬ್ಬಳ್ಳಿಯ ರೈಲ್ವೆ ಕಾರಖಾನೆಯಲ್ಲಿ ದುಡಿಯುವ ಅವಳ ತಮ್ಮ, ವಿಲಾಯತಿಗೆ ಹೊರಟ ಸಾಹೇಬ ಕೊಟ್ಟನೆಂದು ಈ ವಾದ್ಯ ತಂದು ಮನೆಯಲ್ಲಿಟ್ಟು ಹೋದ. ಇದನ್ನು ಹೆಣ್ಣು ಮುಟ್ಟಬಾರದೆಂದು ಯಾರೂ ಹೇಳಿರಲಿಲ್ಲ. ಆರೂ ತಂತಿಗಳನ್ನು ಏಕತಾರಿಯ ಹಾಗೆ ಒಂದೇ ದನಿಗೆ ಬಿಗಿಯಲು ಹೋಗಿ ಎರಡು ಹರಿದವು. ಉಳಿದವುಗಳ ಮೇಲೆ, ನೂಲುವ ಕೆಲಸ ಮುಗಿಸಿ, ಪದದ ಒಂದೊಂದೇ ನುಡಿಯನ್ನು ಬಾಯಲ್ಲಿ ಹೇಳಿಕೊಂಡು, ಅದೇ ದನಿ ಸಿಗುವ ತನಕ ಬೆರಳು ಸರಿಸುವಳು. ಸಿಕ್ಕಲ್ಲಿ ಒಂದು ಸುಣ್ಣದ ಬೊಟ್ಟು.

ಸಾಲಿ ಮಾಸ್ತರ ವೆಂಕಣ್ಣ ಆ ಬೊಟ್ಟುಗಳನ್ನು ಬಗ್ಗಿ ನೋಡಿದರು. ಇದಕ್ಕೆ ಗೆರೆ ಎಳೆದ ಪುಸ್ತಕವಿರುತ್ತದೆ, ಅದರಲ್ಲಿಯ ಸ್ವರ ಓದಿಯೇ ಬಾರಿಸಬೇಕು, ಧಾರವಾಡದಲ್ಲಿ ಪಾದ್ರಿಗಳ ಮನೆಯಲ್ಲಿ ಕಂಡಿದ್ದೇನೆ ಎಂದರು. ಅಕ್ಷರ ಬಾರದವಳಿಗೆ ಇದು ಒಲಿಯುವುದಲ್ಲ, ದೇವರ ಮುಂದೆ ನಗೆಪಾಟಲು ಬೇಡ ಎಂದೂ ಸೇರಿಸಿದರು.

"ನಿಮ್ಮ ಕೂಸು ಮಾತು ಕಲತದ್ದು ಪುಸ್ತಕ ಓದೇನ್ರಿ, ಮಾಸ್ತರ? ತಪ್ಪಿದ್ರ ತಪ್ಪಲಿ. ನಾ ಏಳೂದಿಲ್ಲ."

ಗಂಗಪ್ಪ ಬಹಳ ಹೊತ್ತು ಗಡ್ಡ ನೀವಿಕೊಂಡ. ಖಾದಿ ನೇಯುವ ಊರಿನ ಗುಡಿಯಲ್ಲಿ ಸಾಹೇಬರ ವಾದ್ಯ ನುಡಿಯಿತೆಂದರೆ ಸುತ್ತಲಿನ ಹಳ್ಳಿಯವರು ಆಡಿಕೊಳ್ಳದೆ ಬಿಟ್ಟಾರೆಯೇ? ಕೊನೆಗೆ ತನ್ನ ಏಕತಾರಿಯನ್ನೇ ಹೆಗಲಿನಿಂದ ಇಳಿಸಿ ಅವಳ ಮುಂದೆ ಸರಿಸಿದ.

"ತಗೋಳವ್ವಾ, ಇದನ್ನ ಹಿಡಿ. ಪದಾ ನೀನ ಎತ್ತು. ಆ ಸಾಮಾನ ಅಷ್ಟ ಹೊರಗ ಇಟ್ಟ ಬಾ."

ಚಿಕ್ಕಂದಿನಿಂದ ಅವಳ ಕಣ್ಣು ಇದ್ದದ್ದು ಆ ಏಕತಾರಿಯ ಮೇಲೆಯೇ. ಶೇವಂತೆವ್ವ ಅದನ್ನು ಎರಡೂ ಕೈಯಿಂದ ಎತ್ತಿ, ಹಣೆಗೆ ಒತ್ತಿಕೊಂಡು, ತಿರುಗಿ ಗಂಗಪ್ಪನ ತೊಡೆಯ ಮೇಲೆ ಇಟ್ಟಳು.

"ಇದು ನನಗ ಬರೂದಿಲ್ಲ, ಕಾಕಾ. ಮುಟ್ಟಾಕ ನೀವು ಬಿಡಲಿಲ್ಲ. ನನಗ ಬರೂದು ಈ ಗಿಟಾರೊಂದ."

ಪದ ಎತ್ತಿದಳು. ಮೊದಲ ನುಡಿ ನೆಟ್ಟಗೆ ಹೋಯಿತು. ರೂಢಿಯಿಂದಲೋ ಏನೋ, ಗಂಡಸರು ಹಿಂದೆ ಹೇಳಿದರು. ಎರಡನೆಯ ನುಡಿಯ ನಡುವೆ ಬೆರಳು ತಪ್ಪಿತು. ಅವಳು ಹಾಡು ನಿಲ್ಲಿಸಿ, ಯಾರ ಮುಖವನ್ನೂ ನೋಡದೆ, ಆ ದನಿಯನ್ನು ಸಾವಕಾಶವಾಗಿ ಹುಡುಕತೊಡಗಿದಳು.

ಮೇಲೆತ್ತಿದ ತಾಳಗಳೆಲ್ಲ ಎತ್ತಿದಲ್ಲಿಯೇ ನಿಂತು ಅವಳ ಬೆರಳಿಗಾಗಿ ಕಾದವು.