ಗೂಟಕ್ಕೆ ನೇತುಹಾಕಿದ ದಣಿವು

ದಣಿವನ್ನು ಅಂಗಿಯಂತೆ ಕಳಚಿ ಗೂಟಕ್ಕೆ ಹಾಕುವ ರೂಢಿ ದಾವಣಗೆರೆಗೆ ಬಂದು ವರ್ಷಗಳಾಗಿದ್ದವು. ಎಂಟು ದಿನದೊಳಗೆ ಅದನ್ನು ಮತ್ತೆ ತೊಟ್ಟು ಮಲಗಿ ತೀರಿಸಬೇಕು. ಇಲ್ಲದಿದ್ದರೆ ಕಾಯಿಲೆಯಾಗಿ ಮೈಗೆ ಹತ್ತುತ್ತದೆ. ಮನೆಯಲ್ಲೇ ಕೂತು ಸೀರೆಗಳಿಗೆ ಕುಚ್ಚು ಕಟ್ಟುವ ಕೊಟ್ರಮ್ಮನಿಗೆ ಈ ಮದುವೆಯ ಕಾಲದಲ್ಲಿ ಮಲಗಲು ಪುರುಸೊತ್ತೆಲ್ಲಿ? ಕಳಚಿ, ಕಣ್ಣೆತ್ತಿಯೂ ನೋಡದೆ ಗೂಟಕ್ಕೆ ಎಸೆದು, ಮತ್ತೆ ಕುಚ್ಚಿಗೆ ಕೂರುತ್ತಿದ್ದಳು.

ಗಂಡ ಹಾಲಪ್ಪನೋ, ಊಟವಾದದ್ದೇ ತಡ, ಗೊರಕೆ. "ಕಂಡಕ್ಟರಿಕೆ ಬಿಟ್ಟಮ್ಯಾಲೆ ಇವ್ರಿಗೆ ನಿದ್ದೀನೇ ನೌಕರಿ," ಎಂದು ಅವಳು ಗೊಣಗುತ್ತಿದ್ದಳು.

ಅಂದು ಮಧ್ಯಾಹ್ನ ಅಪ್ಪಿತಪ್ಪಿ ಕಣ್ಣೆತ್ತಿದರೆ ಗೂಟ ಖಾಲಿ! ತಿಂಗಳಿಡೀ ಎಸೆದ ದಣಿವುಗಳಲ್ಲಿ ಒಂದೂ ಇರಲಿಲ್ಲ. ಪಡಸಾಲೆಗೆ ಬಂದು ನೋಡಿದಳು. ಮಲಗಿದ್ದ ಹಾಲಪ್ಪನ ಮೈಮೇಲೆ ಅವಳ ನಿನ್ನೆಯ ದಣಿವಿತ್ತು. ನಿದ್ದೆಯಲ್ಲೂ ಅವನ ಬೆರಳುಗಳು ಗಾಳಿಯಲ್ಲಿ ಕುಚ್ಚು ಕಟ್ಟುತ್ತಿದ್ದವು.

"ಏನ್ರೀ ಇದು?"

ಅವನು ಕಣ್ಣು ಬಿಡದೆಯೇ ಹೇಳಿದ: "ನಿಂಗೆ ಪುರುಸೊತ್ತಿಲ್ಲ. ನಂಗೇನು ಕೆಲ್ಸ ಐತಿ, ಮಲಗ್ತೀನಿ ಬಿಡು."

ಕೊಟ್ರಮ್ಮ ಸೂಜಿಯನ್ನು ಅರ್ಧ ಕಟ್ಟಿದ ಸೀರೆಗೇ ಚುಚ್ಚಿಟ್ಟಳು. ಇವತ್ತಿನ ದಣಿವನ್ನು ಕಳಚದೆ ಅವನ ಪಕ್ಕದಲ್ಲೇ ಚಾಪೆ ಹಾಸಿ ಒರಗಿದಳು. ಅವನ ಬೆರಳುಗಳು ಅವಳ ಸೆರಗು ಹಿಡಿದು ಗಂಟು ಹಾಕತೊಡಗಿದವು. ಅವಳು ಆ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಬೆರಳುಗಳು ಸುಮ್ಮನಾದವು.