ಮರಿಯ ಅಳು

ಪಾಳುಬಿದ್ದ ತೋಟವೊಂದನ್ನು ಆಕೆ ಕೊಂಡು, ಸುತ್ತ ಬೇಲಿ ಹಾಕಿಸಿ, ಕಾಡಾಗಲೆಂದು ಬಿಟ್ಟಿದ್ದಳು. ಕಾವಲಿಗೆ ಹಳೆಯ ಬೇಟೆಗಾರ ಕೇತನನ್ನೇ ಇಟ್ಟುಕೊಂಡಳು. ಬೇಲಿಯೊಳಗೆ ಜಿಂಕೆಗಳು ಬಂದು ನೆಲೆಸಿದವು. ಹೊರಗೆ ಕೋವಿಗಳು ಇನ್ನೂ ಇದ್ದವು.

ಭಾನುವಾರ ನೋಡಲು ಬಂದವರೆದುರು ಕೇತ ಗೂಬೆಯಾದ, ನವಿಲಾದ, ಕೊನೆಗೆ ಯಜಮಾನಿಯ ಸೀನೂ ಆದ. ಎಲ್ಲರೂ ನಕ್ಕರು.

“ಎಲೆ ಊದಿ ಜಿಂಕೆ ಕರೀತೀಯಂತೆ?” ಎಂದ ಒಬ್ಬ.

“ಅದ ಬುಟ್ಬುಟ್ಟೆ ಸ್ವಾಮಿ. ಅದು ಮರಿ ಅಳೋ ದನಿ. ಕೇಳುದ್ರೆ ತಾಯಿ ನಿಲ್ಲಕ್ಕಿಲ್ಲ, ಓಡ್ಬತ್ತದೆ. ಹಂಗೇ ಎಷ್ಟೋ ಕೊಂದಿವ್ನಿ.”

“ನಾವೇನು ಕೋವಿ ತಂದಿದೀವಾ? ಫೋನ್ ತಾನೆ.”

“ಒಂದೇ ಸಲ, ಕೇತಣ್ಣ,” ಎಂದಳು ಯಜಮಾನಿಯೂ.

ಅವನು ಎಲೆ ಮಡಚಿ ತುಟಿಗಿಟ್ಟು ಊದಿದ. ಪೊದೆ ಸೀಳಿಕೊಂಡು ತಾಯಿ ಜಿಂಕೆ ಬಂದು, ಹತ್ತು ಮಾರು ದೂರದಲ್ಲಿ ನಿಂತು ಮರಿಯನ್ನು ಹುಡುಕಿತು. ಅಷ್ಟರಲ್ಲಿ ಕೇತನಿಗೆ ಎಂದಿನ ಗೊರಗೊರ ಕೆಮ್ಮು ಬಂತು. ಜಿಂಕೆ ಬೆದರಿ ಓಡಿತು.

“ಕೆಮ್ಮಿನ ಸಮೇತ ವಿಡಿಯೋ ಆಗಿದೆ. ಊರಿಗೆಲ್ಲ ಕಳಿಸ್ತೀನಿ,” ಎಂದ ಫೋನಿನವನು.

ಎಂಟು ದಿನ ಕಳೆಯಿತು. ಸಂಜೆ ಯಜಮಾನಿಯೂ ಕೇತನೂ ಜಗಲಿಯಲ್ಲಿ ಟೀ ಕುಡಿಯುತ್ತಿದ್ದಾಗ ಬೇಲಿಯಾಚೆ ಮರಿಯೊಂದು ಅತ್ತಿತು. ತಾಯಿ ಜಿಂಕೆ ಅಂಗಳ ದಾಟಿ ಓಡಿಹೋಗಿ ಬೇಲಿ ನೆಗೆಯಿತು.

“ಪಾಪ, ಮರಿ ಆಚೆ ಉಳ್ಕೊಂಡ್ಬಿಟ್ಟಿದೆ ಅನ್ಸುತ್ತೆ,” ಎಂದಳು ಯಜಮಾನಿ.

ಕೇತ ಲೋಟ ಕೆಳಗಿಟ್ಟು ಎದ್ದು ನಿಂತ.

ಬೇಲಿಯಾಚೆ ಮರಿ ಮತ್ತೊಮ್ಮೆ ಅತ್ತು, ಥೇಟ್ ಕೇತನ ಹಾಗೆ ಕೆಮ್ಮಿತು.