ಬೆನ್ನ ಹಿಂದಿನ ಗುಂಡಿ

ಹಳೇ ಬಂದರಿನ ಬೀದಿಯಲ್ಲಿ ಗಂಡ ಎಂದಿನಂತೆ ಪ್ರವಾಸಿಗರತ್ತ ಮುಖಮಾಡಿ, ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ ಊರಿನ ಚರಿತ್ರೆ ಹೇಳುತ್ತಿದ್ದ. ಅವನ ಬೆನ್ನ ಹಿಂದೆಯೇ, ನಿನ್ನೆ ಇರದಿದ್ದ ಗುಂಡಿಯೊಂದು ಬಾಯ್ತೆರೆದಿತ್ತು. ಪ್ರವಾಸಿಗರೆಲ್ಲ ಅವನು ತೋರಿಸಿದ ಗಡಿಯಾರದ ಗೋಪುರ ನೋಡುತ್ತಿದ್ದರು. ನೀರಿನ ಬಾಟಲಿಗಳ ಚೀಲ ಹೊತ್ತು ಪಕ್ಕದಲ್ಲಿ ಬರುತ್ತಿದ್ದ ಹೆಂಡತಿ ಗುಂಡಿ ಕಂಡು ಕೂಗಿದಳು.

“ರೀ, ನಿಲ್ರೀ! ಹಿಂದೆ ಗುಂಡಿ!”

ಅವನು ಅಂಚಿನಲ್ಲೇ ನಿಂತ. “ನೋಡಿದ್ರಾ? ನನ್ನ ಬೆನ್ನಿಗೂ ಕಣ್ಣಿದೆ. ಇವಳೇ ಅದು!” ಎಂದ. ಎಲ್ಲರೂ ನಕ್ಕರು. ಅವಳಿಗೆ ಹೋದ ಜೀವ ಬಂತು. ಈ ಬೀದಿಯ ಒಂದೊಂದು ಕಲ್ಲೂ ಇವರ ಹಿಮ್ಮಡಿಗೆ ಬಾಯಿಪಾಠ ಎಂದು ನೆಂಟರ ಮುಂದೆ ಎಷ್ಟು ಜಂಬ ಕೊಚ್ಚಿದ್ದಳೋ!

ಅವನು ತಿರುಗಿದ. ಸುಡುಬಿಸಿಲಿನಲ್ಲಿ ಗುಂಡಿ ಅವನ ಕಾಲಬುಡದಲ್ಲೇ ಇತ್ತು. ಕಣ್ಣರಳಿಸಿ ಅದನ್ನೇ ನೋಡಿದ.

“ಎಲ್ಲೇ ಗುಂಡಿ? ಸುಮ್ನೆ ಹೆದರಿಸ್ತೀಯ,” ಎನ್ನುತ್ತ ಮುಂದಕ್ಕೆ ಕಾಲೆತ್ತಿದ.

ಜನ ಮತ್ತೂ ಜೋರಾಗಿ ನಕ್ಕರು. ಅವಳು ಚೀಲ ಬಿಸಾಕಿ ಓಡಿ, ಅವನ ರಟ್ಟೆ ಹಿಡಿದೆಳೆದಳು. ಅವನು ತಡಕಾಡಿ ಅವಳ ಕೈ ಹಿಡಿದುಕೊಂಡ.

“ಯಾವಾಗಿಂದ ಕಾಣ್ತಿಲ್ಲ ರೀ?” ಅವಳು ಅವನ ಕಿವಿಯ ಬಳಿ ಕೇಳಿದಳು.

“ಅವರು ನಗ್ತಾ ಇರ್ಲಿ ಬಿಡು,” ಅವನು ಪಿಸುಗುಟ್ಟಿದ. “ನೀನು ಕೈ ಬಿಡಬೇಡ.”